ಎರಡನೇ ಅಧ್ಯಾಯ: ಮಾಮೂಲು

ಜನವರಿ ೬, ಸೋಮವಾರ

ಪ್ರಸ್ತುತ ದಿನಚರಿಯ ಉದ್ದೇಶ, ವ್ಯಾಪ್ತಿ ಮತ್ತು ಮಿತಿ: ಟೋನರ್ ಮಾರುವವರು ಪ್ರತಿವರ್ಷ ನನಗೊಂದು ಡೈರಿ ಕೊಡುತ್ತಾರೆ. ಪ್ರಿಂಟರಿಗೆ ಯಾವ ದಿನ ಟೋನರ್ ತುಂಬಿದೆ ಎಂಬುದರ ಹೊರತು ಅದರಲ್ಲಿ ನಾನು ಏನನ್ನೂ ಬರೆದವಳಲ್ಲ. ಕಾರವಾರದ ಈ ಮಾಳಿಗೆಯ ಮೇಲೆ ಮೂವತ್ತಾರು ವರ್ಷ ಕುಳಿತು ಊರವರ ಮಾತನ್ನೆಲ್ಲ ಟೈಪ್ ಮಾಡಿದ ಜಯಂತಿ ಎಂಬ ನಾನು ಸ್ವಂತದ್ದೆಂದು ಒಂದು ಸಾಲನ್ನೂ ಬರೆದಿಲ್ಲ ಎಂಬ ಕೊರತೆಯನ್ನು ನೀಗಿಸುವುದೇ ಉದ್ದೇಶ. ವ್ಯಾಪ್ತಿ, ಅಂಕೋಲಾದಿಂದ ಕಾರವಾರದವರೆಗೆ. ಮಿತಿ, ಇದನ್ನು ಯಾರೂ ಓದಬಾರದು.

ಎಂದಿನಂತೆ ಅಂಕೋಲಾ ಸ್ಟ್ಯಾಂಡಿನಲ್ಲಿ ಎಂಟೂವರೆಯ ಬಸ್ಸು, ಎಂದಿನಂತೆ ಬಲಗಡೆಯ ಸೀಟು. ಎಡಗಡೆ ಬಿಸಿಲು ಹೊಡೆಯುತ್ತದೆ ಎಂಬುದು ನನ್ನ ಅಧಿಕೃತ ಕಾರಣ. ಬೆಳಗಿನ ಸೂರ್ಯ ಇರುವುದೇ ಬಲಗಡೆ, ಎಡಗಡೆ ಇರುವುದು ಅರ್ಗಾದ ನೌಕಾನೆಲೆಯ ಗೋಡೆ ಎಂಬುದನ್ನು ಕಂಡಕ್ಟರು ಇನ್ನೂ ಗಮನಿಸಿಲ್ಲ.

ಇಂದಿನ ಸತ್ಕಾರ್ಯ: ಪ್ರಣಿತಾಳ ಪಿಎಚ್.ಡಿ. ಪ್ರಬಂಧವನ್ನು ಕಾಲೇಜು ಲೈಬ್ರರಿಗೆ ತಪಾಸಣೆಗೆ ಕಳಿಸಿದೆ. ಹುಡುಗಿ ಅಂಕೋಲಾದ ಬೀರ ಗೌಡನ ಮಗಳು. ಅಪ್ಪ ಅವರಿವರ ಗದ್ದೆಗೆ ಕೂಲಿಗೆ ಹೋಗುತ್ತಾನೆ, ಇವಳು ಅತಿಥಿ ಉಪನ್ಯಾಸಕಿ. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ತರಕಾರಿ ಮಾರುವ ಹೆಂಗಸರ ಬಗ್ಗೆ ಆರು ವರ್ಷ ಕೆಲಸ ಮಾಡಿದ್ದಾಳೆ. ಈ ತಿಂಗಳ ಮೂವತ್ತೊಂದಕ್ಕೆ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಒಪ್ಪಿಸದಿದ್ದರೆ ಆರು ವರ್ಷವೂ ಹೊಳೆಗೆ. ಶನಿವಾರ ಜ್ವರದಲ್ಲಿ ನಡುಗುತ್ತ ಬಂದು ಕೊನೆಯ ಹಾಳೆಗಳನ್ನು ಕೈಗಿಟ್ಟಳು.

"ಇದು ಎರಡನೇ ಅಧ್ಯಾಯ ಅಕ್ಕೋರೇ. ಟೈಪ್ ಮಾಡಿ ನೀವೇ ಲೈಬ್ರರಿಗೆ ಕಳ್ಸಿಬಿಡಿ. ನಂಗೆ ಕೂತು ನೋಡೂಕೆ ಆಗೂದಿಲ್ಲ."

ಎಣಿಸಿದೆ. ಹನ್ನೊಂದೇ ಪುಟ! ಎರಡನೇ ಅಧ್ಯಾಯವೆಂದರೆ 'ಅಧ್ಯಯನ ಪ್ರದೇಶದ ಪರಿಚಯ'. ನಮ್ಮ ಕಡೆಯ ಪ್ರಬಂಧಗಳಲ್ಲಿ ಅದು ನಲವತ್ತು ಪುಟಕ್ಕಿಂತ ಕಡಿಮೆಯಿದ್ದ ಉದಾಹರಣೆಯಿಲ್ಲ, ಏಕೆಂದರೆ ಆ ನಲವತ್ತು ಪುಟ ಹಾಕುವವಳು ನಾನೇ. ಕಂಪ್ಯೂಟರಿನಲ್ಲಿ 'ಮಾಮೂಲು' ಎಂಬ ಫೈಲಿದೆ. ನನ್ನ ಗುರುಗಳಾದ ತುಳಸಿದಾಸ ಮಾಸ್ತರರು ಬರೆದದ್ದು. ಪ್ರಬಂಧ ಮೀನಿನ ಮೇಲಿರಲಿ, ಸಹಕಾರಿ ಸಂಘದ ಮೇಲಿರಲಿ, ಸೊಳ್ಳೆಯ ಮೇಲಿರಲಿ, ಎರಡನೇ ಅಧ್ಯಾಯ ಅದೇ. ಹುಡುಗಿಯ ಹನ್ನೊಂದು ಪುಟವನ್ನು ಪಕ್ಕಕ್ಕಿಟ್ಟು ಮಾಸ್ತರರ ನಲವತ್ತು ಪುಟ ಸೇರಿಸಿದೆ. ಅವಳಿಗೆ ಹೇಳಲಿಲ್ಲ. ಮಾಡಿದ ಉಪಕಾರ ಹೇಳಿಕೊಂಡು ತಿರುಗುವ ಚಟ ನನಗಿಲ್ಲ. ಇಲ್ಲಿ ಬರೆದದ್ದು ಬೇರೆ.

ಜನವರಿ ೯, ಗುರುವಾರ

ಸಂಶೋಧನೆಯ ಫಲಿತಗಳು: ಯಂತ್ರಕ್ಕೆ ಕನ್ನಡ ಓದಲು ಬಂದಿದೆ.

ಲೈಬ್ರರಿಯ ನಿಶಾಳಿಗೆ ಟೋನರ್ ಕೊಡಲು ಹೋದಾಗ ಈ ಅನಾಹುತ ತಿಳಿಯಿತು. ಪ್ರಬಂಧ ಕದ್ದದ್ದೋ ಸ್ವಂತದ್ದೋ ಎಂದು ಪರೀಕ್ಷಿಸುವ ಸಾಫ್ಟ್‌ವೇರ್ ಬಂದು ವರ್ಷಗಳಾದವು. ಆದರೆ ನಾವು ಬಳಸುತ್ತಿದ್ದ ಹಳೆಯ ಫಾಂಟಿನ ಅಕ್ಷರಗಳು ಅದಕ್ಕೆ ಬರೀ ಗೀಚಾಗಿ ಕಾಣುತ್ತಿದ್ದವು. ಆದ್ದರಿಂದ ಇಷ್ಟು ದಿನ ಕನ್ನಡದಲ್ಲಿ ಬರೆದವರೆಲ್ಲ ಸೊನ್ನೆ ಪ್ರತಿಶತ ಸಾಮ್ಯತೆಯ ಪುಣ್ಯಾತ್ಮರು. ಈ ವರ್ಷ ಯುನಿಕೋಡ್ ಕಡ್ಡಾಯ ಮಾಡಿ, ಹಳೆಯ ಪ್ರಬಂಧಗಳನ್ನೂ ಅದಕ್ಕೆ ತಿರುಗಿಸಿ ಭಂಡಾರಕ್ಕೆ ಹಾಕಿದ್ದಾರಂತೆ. ಯಂತ್ರ ಅಕ್ಷರಸ್ಥವಾಯಿತು. ಅಕ್ಷರ ಕಲಿತ ಕೂಡಲೇ ಓದಿದ್ದು ನಮ್ಮನ್ನು.

"ಅಯ್ಯೋ ದೇವಾ, ಇಲ್ಲಿ ನೋಡಿ ಜಯಂತಕ್ಕ" ಎಂದು ನಿಶಾ ಪರದೆ ತಿರುಗಿಸಿದಳು. ಹತ್ತರೊಳಗಿರಬೇಕಾದ ಸಾಮ್ಯತೆ ಇಪ್ಪತ್ತೇಳು ಪ್ರತಿಶತ. ಎರಡನೇ ಅಧ್ಯಾಯ ಪೂರ್ತಿ, ಅರಿಶಿನ ಹಚ್ಚಿದ ಮದುಮಗಳ ಹಾಗೆ ಹಳದಿ. ಹತ್ತೊಂಬತ್ತು ಪ್ರಬಂಧಗಳ ಜೊತೆ ಹೊಂದಿಕೆ. ಯಂತ್ರದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದು ೨೦೦೪ರದ್ದು, ಡಾ. ವಿಕಾಸ ನಾಯಕ. ಅಂದರೆ ಪ್ರಣಿತಾಳ ಗೈಡು.

ಗೈಡು ಅಲ್ಲೇ ನಿಂತಿದ್ದರು. ಪ್ರಣಿತಾ ಅವರೆದುರು. ಓದುತ್ತಿದ್ದ ಹತ್ತು ಮಂದಿಯೂ ಪುಸ್ತಕ ಮುಚ್ಚಿದ್ದರು.

"ನಿಂಗೆ ಕದಿಯೂಕೆ ನನ್ನ ಪ್ರಬಂಧವೇ ಬೇಕಾಯ್ತೇ? ಅದೂ ಶಬ್ದಕ್ಕೆ ಶಬ್ದ! 'ಅರ್ಗಾದ ದಂಡೆಯಲ್ಲಿ ರಂಪಣಿ ಬಲೆ ಎಳೆಯುವ ದಿನ ಊರಿಗೆ ಊರೇ ಒಂದು ಹಗ್ಗವಾಗುತ್ತದೆ.' ಇದು ನನ್ನ ವಾಕ್ಯ ಮಾರಾಯ್ತಿ! ಕ್ಲಾಸಿನಲ್ಲಿ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದದ್ದು!"

ಪ್ರಣಿತಾ ಪರದೆಯನ್ನು ನೋಡಿದಳು. ತಾನು ಬರೆಯದ ಪುಟಗಳು ಅವು ಎಂದು ಗೊತ್ತಾಗಲು ಅವಳಿಗೆ ಎಷ್ಟು ಹೊತ್ತು ಬೇಕು? ತಿರುಗಿ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ತಪ್ಪಾಯ್ತು ಸರ್" ಅಂದಳು.

ನಿಮಿಷಕ್ಕೆ ನಲವತ್ತು ಶಬ್ದ ಹೊಡೆಯುವ ನಾನು ಟೋನರಿನ ಡಬ್ಬ ಹಿಡಿದುಕೊಂಡು ನಿಂತಿದ್ದೆ.

ಜನವರಿ ೧೦, ಶುಕ್ರವಾರ

ಪ್ರಿಂಟರಿಗೆ ಟೋನರ್ ತುಂಬಿದೆ.

ಜನವರಿ ೧೧, ಶನಿವಾರ

ಮಾಸ್ತರರು ಇದ್ದಿದ್ದರೆ ಈ ಯಂತ್ರವನ್ನು ಕೂರಿಸಿ ಮೊದಲು ಬೆರಳು ಸರಿಯಾಗಿ ಇಡುವುದನ್ನು ಕಲಿಸುತ್ತಿದ್ದರು.

ಎಂಬತ್ತೊಂಬತ್ತನೆಯ ಇಸವಿ. ಇದೇ ಮಾಳಿಗೆ, ಹತ್ತು ಟೈಪ್‌ರೈಟರು. ಸಾಲು ಮುಗಿದಾಗ ಟಿಣ್ ಎನ್ನುವ ಗಂಟೆ. ಹತ್ತೂ ಯಂತ್ರಗಳು ಒಟ್ಟಿಗೆ ಟಿಣ್ ಅಂದರೆ ಕೆಳಗಿನ ಚಾದಂಗಡಿಯವನು "ಆರತಿ ಆಯ್ತಾ ಮಾಸ್ತರೇ?" ಎಂದು ಕೂಗುತ್ತಿದ್ದ. ಮಾಸ್ತರರು ಬಿಳಿ ಅಂಗಿ, ಮಡಚಿದ ಕೊಡೆ, ಕಿವಿಯ ಮೇಲೆ ಪೆನ್ಸಿಲ್. ಸ್ಪೀಡ್ ಪರೀಕ್ಷೆಗೆಂದು ಪುಸ್ತಕದಲ್ಲಿ ಕೊಟ್ಟ ಪಾಠಗಳೆಂದರೆ ಅವರಿಗೆ ಅಜೀರ್ಣ. "'ಸನ್ಮಾನ್ಯರೇ, ತಮ್ಮ ಪತ್ರ ತಲುಪಿತು.' ಎಷ್ಟು ಸಲ ತಲುಪೂದು ಇದು?" ಎಂದು ತಾವೇ ಪಾಠ ಬರೆಯತೊಡಗಿದರು.

ಹೊಸಬರು ಬಂದರೆ ಹೆಸರಿಗಿಂತ ಮೊದಲು ಊರು ಕೇಳುವುದು ಅವರ ಪದ್ಧತಿ. ನಾನು ಹೋದ ದಿನವೂ ಅಷ್ಟೇ.

"ಎಲ್ಲಿಂದ ಬಂದದ್ದು?"

"ಅರ್ಗಾ."

"ಕೂತ್ಕೋ. ನಿಮ್ಮ ಮನೆ ಎದುರು ಎಂತ ಅದೆ, ಹೇಳು."

ಸಮುದ್ರ ಅದೆ ಎಂದೆ. ರಂಪಣಿ ಬಲೆ ಎಳೆಯುವ ದಿನ ಶಾಲೆಗೆ ರಜೆ ಎಂದೆ, ಮಾಸ್ತರು ಮಕ್ಕಳೆಲ್ಲ ಹಗ್ಗ ಹಿಡಿಯುತ್ತೇವೆ ಎಂದೆ. ಮರುದಿನ ಆ ವಾಕ್ಯ ನನ್ನ ಯಂತ್ರದ ಪಕ್ಕ ಇತ್ತು. ಊರಿಗೆ ಊರೇ ಒಂದು ಹಗ್ಗವಾಗುತ್ತದೆ. ಹೀಗೆ ಬಿಣಗಾದವನು ಹೇಳಿದ್ದು, ಅಂಕೋಲಾದವಳು ಹೇಳಿದ್ದು ಎಲ್ಲ ಸೇರಿ ನಲವತ್ತು ಪುಟವಾಯಿತು. ಆ ನಲವತ್ತು ಪುಟವನ್ನು ನನ್ನ ಬೆರಳುಗಳು ಕಣ್ಣು ಮುಚ್ಚಿ ಹೊಡೆಯುತ್ತವೆ. ಮುಂದೊಮ್ಮೆ ಯಾರದ್ದೋ ಪ್ರಬಂಧಕ್ಕೆ ಪುಟ ಸಾಲದೆ ಹೋದಾಗ ಮಾಸ್ತರರೇ "ಅದನ್ನ ಹಾಕು ಜಯಂತಿ, ಊರು ಎಲ್ಲರದ್ದೂ ಹೌದಲ್ಲ" ಅಂದರು. ಹಾಕಿದೆ. ಅವರು ಹೋದ ಮೇಲೂ ಹಾಕುತ್ತಲೇ ಇದ್ದೆ.

ಇಪ್ಪತ್ತೈದು ವರ್ಷದ ಹಿಂದೆ ಅರ್ಗಾದ ನಮ್ಮ ಮನೆ ನೌಕಾನೆಲೆಯ ಒಳಗೆ ಸೇರಿತು, ನಾವು ಅಂಕೋಲಾ ಸೇರಿದೆವು. ಆದರೆ ಹತ್ತೊಂಬತ್ತು ಪ್ರಬಂಧಗಳಲ್ಲಿ ಅಲ್ಲಿ ಈಗಲೂ ಬಲೆ ಎಳೆಯುತ್ತಿದ್ದಾರೆ. ಸೊಳ್ಳೆಯ ಪ್ರಬಂಧದಲ್ಲೂ.

ಜನವರಿ ೧೩, ಸೋಮವಾರ

ಇಂದು ನಾನು ಸಮುದ್ರದ ಹೆಸರು ಬದಲಿಸಿದೆ.

ಶಬ್ದ ಬದಲಿಸಿದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ನಿಘಂಟು ತೆಗೆದೆ. ಸಮುದ್ರ ಶರಧಿಯಾಯಿತು, ದಂಡೆ ತಟವಾಯಿತು, ರಂಪಣಿ ಬಲೆ 'ಬೃಹತ್ ಮತ್ಸ್ಯಜಾಲ'ವಾಯಿತು. ಊರಿಗೆ ಊರೇ ಒಂದು ಹಗ್ಗವಾಗುತ್ತದೆ ಎಂಬುದು 'ಗ್ರಾಮಕ್ಕೆ ಗ್ರಾಮವೇ ಒಂದು ರಜ್ಜುವಾಗಿ ಪರಿಣಮಿಸುತ್ತದೆ' ಆಯಿತು. ಓದಿದರೆ, ಮಾಸ್ತರರಿಗೆ ಯಾರೋ ಸೂಟು ಹಾಕಿಸಿ ದಂಡೆಗೆ ಕಳಿಸಿದ ಹಾಗಿತ್ತು.

ನಿಶಾ ಕದ್ದುಮುಚ್ಚಿ ಮತ್ತೊಮ್ಮೆ ಪರೀಕ್ಷಿಸಿದಳು. ಹತ್ತೊಂಬತ್ತು ಪ್ರತಿಶತ.

"ಇನ್ನು ಒಂದೇ ಸಲ ಹಾಕೂಕೆ ಬರ್ತದೆ ಜಯಂತಕ್ಕ. ಮತ್ತೆ ಬಾಗ್ಲು ಬಂದ್."

ಪ್ರಣಿತಾ ಪಕ್ಕದಲ್ಲಿ ನಿಂತು 'ರಜ್ಜು' ಓದಿದಳು. ನಗು ತಡೆದುಕೊಂಡಳು ಎಂದು ನನ್ನ ಅನುಮಾನ. ಹೊರಗೆ ಬಂದ ಮೇಲೆ ಕೇಳಿದಳು.

"ನನ್ನ ಹನ್ನೊಂದು ಪುಟ ಎಲ್ಲಿ ಹೋದ್ವು ಅಕ್ಕೋರೇ?"

"ಅದೆ, ಅದೆ."

"ನಂಗೆ ಅದ್ರ ಬೇರೆ ಪ್ರತಿ ಇಲ್ಲ. ಜ್ವರದಲ್ಲೇ ಕೂತು ಬರ್ದಿದ್ದು."

"ಅದೆ ಅಂದ್ನಲ್ಲೇ."

"ಸಿಗ್ದೇ ಇದ್ರೂ ಅಡ್ಡಿಲ್ಲ. ವಿಕಾಸ ಸರ್ ಹೇಳಿದಾರೆ, ತಪ್ಪೊಪ್ಪಿಗೆ ಬರ್ದು ಸಹಿ ಮಾಡಿದ್ರೆ, ಸುಧಾರಿಸಿದ ಪ್ರತಿಗೆ ಅವ್ರು ಸಹಿ ಹಾಕ್ತಾರಂತೆ. ಮಾಡಿಬಿಡ್ತೆ."

"ಕದ್ದದ್ದು ಅಂತ ಬರೀತ್ಯಾ?"

"ಅಕ್ಕೋರು ಹಾಕಿದ್ದು ಅಂತ ಬರೀಲಾ ಮತ್ತೆ?"

ಆ ಮಾತಿನಲ್ಲಿ ಕೋಪವಿರಲಿಲ್ಲ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಅಂಗಡಿ ಬಂದ್. ಎಳ್ಳು ತಿಂದೆ. ಒಳ್ಳೆಯ ಮಾತು ಯಾವುದೂ ಬರಲಿಲ್ಲ.

ಜನವರಿ ೧೬, ಗುರುವಾರ

ಕೈಬರಹ ರದ್ದಿಗೆ ಹೋಗಬಾರದು ಎಂಬುದು ಮಾಸ್ತರರ ಕಾನೂನು. ಹಾಗಾಗಿ ಈ ಅಂಗಡಿಯಲ್ಲಿ ಮೂರು ಪೆಟ್ಟಿಗೆ ತುಂಬ ಡಾಕ್ಟರುಗಳ ಹಸ್ತಾಕ್ಷರವಿದೆ, ಒಂದು ಜಿರಲೆ ಸಂಸಾರವೂ ಇದೆ. ಎರಡು ದಿನ ಮೂರನ್ನೂ ಮಗುಚಿದೆ. ಪ್ರಣಿತಾಳ ಪುಟಗಳು ಅಲ್ಲಿರಲಿಲ್ಲ.

ಸಿಕ್ಕಿದ್ದು ಬೇರೆ. ೨೦೦೪ರ ಕಟ್ಟು. ವಿಕಾಸ ಸರ್ ತಮ್ಮ ದುಂಡು ಅಕ್ಷರದಲ್ಲಿ ಬರೆದ ಮೊದಲ ಅಧ್ಯಾಯ, ಮೂರನೆಯದು, ನಾಲ್ಕನೆಯದು. ಒಂದಕ್ಕೂ ಮೂರಕ್ಕೂ ನಡುವೆ ಟಾಚಣಿ ಚುಚ್ಚಿದ ಒಂದು ಚೀಟಿ: 'ಎರಡನೇ ಅಧ್ಯಾಯ: ಮಾಮೂಲು ಹಾಕುವುದು.' ಕೆಳಗೆ ಸಹಿ, ತಾರೀಕು. ಟಾಚಣಿಗೆ ತುಕ್ಕು ಹಿಡಿದಿದೆ. ಅಕ್ಷರಕ್ಕೆ ಏನೂ ಆಗಿಲ್ಲ.

ಪ್ರಣಿತಾಳ ಹನ್ನೊಂದು ಪುಟಗಳು ಸಿಕ್ಕಿದ್ದು ಮಧ್ಯಾಹ್ನ, ಊಟಕ್ಕೆ ಕುಳಿತಾಗ. ಕಪಾಟಿನಲ್ಲಿ ನಾನು ದಿನವೂ ಡಬ್ಬಿ ಇಡುವ ಜಾಗ. ಎಣ್ಣೆ ಅಂಟಬಾರದೆಂದು ಕೆಳಗೆ ಹಾಸಿಕೊಂಡದ್ದು. ಮೊದಲ ಪುಟದ ಮೇಲೆ ಮೀನು ಸಾರಿನ ದುಂಡಗಿನ ಗುರುತು, ವಿಶ್ವವಿದ್ಯಾಲಯದ ಮೊಹರಿನಷ್ಟೇ ಸ್ಪಷ್ಟವಾಗಿತ್ತು.

ಜನವರಿ ೧೭, ಶುಕ್ರವಾರ

ಟೈಪ್ ಮಾಡುವವರು ಓದುವುದಿಲ್ಲ. ಕಣ್ಣಿನಿಂದ ಬೆರಳಿಗೆ ಹೋಗುವ ದಾರಿಯಲ್ಲಿ ಅರ್ಥಕ್ಕೆ ಸ್ಟಾಪು ಇಲ್ಲ. ಇವತ್ತು ಸಂಜೆ ಬಸ್ಸಿನಲ್ಲಿ ಹನ್ನೊಂದು ಪುಟಗಳನ್ನು ಟೈಪ್ ಮಾಡದೆ ಓದಿದೆ.

ಅವಳ ಎರಡನೇ ಅಧ್ಯಾಯದಲ್ಲಿ ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಎಂಬುದೆಲ್ಲ ಇಲ್ಲ. ಸುಕ್ರಿ ಎಂಬ ಅವಳ ಅಜ್ಜಿ ಬಸವಳೆ, ಹರಿವೆ, ಬದನೆಕಾಯಿ ಹೊತ್ತು ನಸುಕಿನಲ್ಲಿ ಹೊರಟು ಕಾರವಾರದ ಕಡೆಗೆ ನಡೆದ ದಾರಿಯೇ ಅಧ್ಯಯನ ಪ್ರದೇಶ. ಎಲ್ಲಿ ನೀರು ಕೊಡುತ್ತಾರೆ, ಎಲ್ಲಿ ನಾಯಿ ಅಟ್ಟಿಸುತ್ತದೆ, ಎಲ್ಲಿ ಕೂತರೆ ಏಳು ಎನ್ನುತ್ತಾರೆ. ಏಳನೇ ಪುಟ:

'ಅರ್ಗಾದಲ್ಲಿ ಒಂದು ಮನೆಯೆದುರು ಹೊರೆಗಲ್ಲು ಇತ್ತು. ಎದೆಯೆತ್ತರದ ಕಲ್ಲು. ಯಾರ ಕೈಯಾಸರೆಯೂ ಇಲ್ಲದೆ ಬುಟ್ಟಿಯನ್ನು ತಲೆಯಿಂದ ಅದರ ಮೇಲೆ ಜಾರಿಸಬಹುದಿತ್ತು, ಮತ್ತೆ ತಾನೇ ಎತ್ತಿಕೊಳ್ಳಬಹುದಿತ್ತು. ಅಜ್ಜಿ ಹೇಳುವುದು: ಕಲ್ಲು ಇಲ್ದ ಊರಲ್ಲಿ ಬುಟ್ಟಿ ಇಳ್ಸೂಕೆ ಯಾರನ್ನಾರೂ ಕರೀಬೇಕು, ಕರ್ದ್ರೆ ಅವ್ರ ಮಾತು ಕೇಳ್ಬೇಕು. ಅರ್ಗಾದಲ್ಲಿ ಯಾರನ್ನೂ ಕರೀಬೇಕಾಗಿರ್ಲಿಲ್ಲ.'

ನಮ್ಮ ಕಲ್ಲು.

ನಮ್ಮ ಮನೆಯೆದುರಿನದು. ಅದರ ಮೇಲೆ ಕಾಲು ಇಳಿಬಿಟ್ಟು ಕೂತು ನಾನು ಮಗ್ಗಿ ಹೇಳಿದ್ದೇನೆ. ಬುಟ್ಟಿಯವರು ಬಂದರೆ ಆಯಿ ಒಳಗಿಂದಲೇ "ಇಳಿಯೇ, ಅವ್ರಿಗೆ ಬೇಕು" ಎಂದು ಕೂಗುತ್ತಿದ್ದಳು. ಇಳಿಯುತ್ತಿದ್ದೆ. ಬುಟ್ಟಿಯಿಂದ ಒಂದು ಎಳೆ ಸೌತೆಕಾಯಿ ಸಿಗುತ್ತಿತ್ತು.

ಮನೆ ಎದುರು ಎಂತ ಅದೆ ಎಂದು ಮಾಸ್ತರರು ಕೇಳಿದಾಗ ಸಮುದ್ರ ಅದೆ ಎಂದೆನಲ್ಲ, ಕಲ್ಲು ಅದೆ ಎನ್ನಲಿಲ್ಲ. ಕಲ್ಲೂ ಒಂದು ಹೇಳುವ ಸಂಗತಿಯೇ ಎಂದು ಹತ್ತೊಂಬತ್ತರ ಪ್ರಾಯದಲ್ಲಿ ಯಾರಿಗೆ ಅನಿಸುತ್ತದೆ? ನಲವತ್ತು ಪುಟದಲ್ಲಿ ಅದು ಇಲ್ಲ. ಮೂವತ್ತಾರು ವರ್ಷ ಹೊಡೆದೆ, ಇಲ್ಲ ಎಂದು ಗೊತ್ತಾಗಲಿಲ್ಲ.

ಇವತ್ತು ಯಾವ ಕಡೆಯ ಸೀಟು ಎಂದು ನೋಡದೆ ಕೂತಿದ್ದೆ. ತಲೆಯೆತ್ತಿದರೆ ಗೋಡೆ ನನ್ನ ಕಿಟಕಿಯಲ್ಲೇ ಓಡುತ್ತಿತ್ತು. ತುಂಬ ಉದ್ದದ ಗೋಡೆ.

ಜನವರಿ ೨೦, ಸೋಮವಾರ

ಹನ್ನೊಂದು ಗಂಟೆಗೆ ವಿಕಾಸ ಸರ್ ಮಾಳಿಗೆ ಹತ್ತಿ ಬಂದರು. ಹಿಂದೆ ಪ್ರಣಿತಾ.

"ಜಯಂತಿಬಾಯಿ, ಅರ್ಜೆಂಟು. ಒಂದೇ ಪುಟ. ತಪ್ಪೊಪ್ಪಿಗೆ. ನಾನು ಹೇಳ್ತೆ, ನೀವು ಹೊಡೀರಿ."

ಹೇಳತೊಡಗಿದರು. 'ನಾನು ನನ್ನ ಮಾರ್ಗದರ್ಶಕರ ಪ್ರಬಂಧದ ಎರಡನೇ ಅಧ್ಯಾಯವನ್ನು ಅವರ ಅರಿವಿಗೆ ಬಾರದಂತೆ...' ಅಷ್ಟರಲ್ಲಿ ನನ್ನ ಬೆರಳು ನಿಂತವು. ಕರೆಂಟು ಹೋದರೂ ಒಂದು ಸಾಲು ಮುಂದೆ ಹೋಗುವ ಬೆರಳುಗಳು.

"ಎಂತಾ ಆಯ್ತು?"

"ಸರ್, ಚಾ ಕುಡೀರಿ ಮೊದ್ಲು" ಎಂದು ಲೋಟದ ಪಕ್ಕ ಆ ಚೀಟಿ ಇಟ್ಟೆ.

ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಕನ್ನಡಕದ ತಪ್ಪಾಗಿರಲಿಲ್ಲ.

"ಇದು ನನ್ನ ಅಕ್ಷರ."

"ಹೌದು ಸರ್. ಆ ಅಧ್ಯಾಯಕ್ಕೆ ನೀವು ಬರ್ದದ್ದು ಇದೊಂದೇ ಸಾಲು. ಯಾವ ಯಂತ್ರಕ್ಕೆ ಹಾಕಿದ್ರೂ ನಿಮ್ದೇ ಅಂತ ಬರ್ತದೆ."

ಪ್ರಣಿತಾ ಕಿಟಕಿಯ ಕಡೆ ತಿರುಗಿದಳು. ಅವಳ ಹೆಗಲು ಅಲ್ಲಾಡುತ್ತಿತ್ತು. ಅತ್ತದ್ದಲ್ಲ.

"ಹಾಗಾದ್ರೆ ಆ ಹಗ್ಗದ ವಾಕ್ಯ?"

"ತುಳಸಿದಾಸ ಮಾಸ್ತರರದ್ದು."

"ಕೊಡೆ ಹಿಡ್ಕಂಡು ಬರ್ತಿದ್ರಲ್ಲ, ಟೈಪಿಂಗ್ ಮಾಸ್ತರು? ಅವ್ರು ಬರೀತಿದ್ರಾ?" ಚೀಟಿಯನ್ನು ಮೇಜಿನ ಮೇಲಿಟ್ಟರು. "ನಂದೇ ಅಂದ್ಕಂಡಿದ್ದೆ ಮಾರಾಯ್ರೆ. ಸುಳ್ಳಲ್ಲ. ಹೇಳ್ತಾ ಹೇಳ್ತಾ ನಂದೇ ಆಗಿಹೋಗಿತ್ತು."

"ನಂಗೂ ಹಾಗೇ ಆಗಿತ್ತು ಸರ್. ಹುಡ್ಗಿ ಕದ್ದಿಲ್ಲ. ಅವ್ಳು ಬರ್ದದ್ದನ್ನ ತೆಗ್ದು, ಹೇಳ್ದೇ ಕೇಳ್ದೇ ಇದನ್ನ ಹಾಕಿದ್ದು ನಾನು."

"ಅಕ್ಕೋರೇ, ಬ್ಯಾಡ. ಅದು ಹೊರಗೆ ಹೋದ್ರೆ ನಿಮ್ಮ ಹತ್ರ ಪ್ರಬಂಧ ಯಾರು ತರ್ತಾರೆ?" ಎಂದಳು ಪ್ರಣಿತಾ.

ನಾನು ಆ ಅರ್ಧ ಸಾಲು ಅಳಿಸಿ ಹೊಸ ಪುಟ ತೆಗೆದೆ. ಯಾರೂ ಹೇಳಿಕೊಡಲಿಲ್ಲ, ಹೊಡೆದೆ. ಏನು ಮಾಡಿದೆ, ಯಾವ ದಿನ ಮಾಡಿದೆ, ಹುಡುಗಿಗೆ ಗೊತ್ತಿರಲಿಲ್ಲ. ಆರು ಸಾಲಾಯಿತು. ಪ್ರಿಂಟು ತೆಗೆದು ಕೆಳಗೆ ಸಹಿ ಮಾಡಿದೆ. ಈ ಅಂಗಡಿಯಿಂದ ಸಾವಿರ ಪತ್ರ ಹೋಗಿವೆ, ನನ್ನ ಸಹಿಯದು ಇದೇ ಮೊದಲು.

ವಿಕಾಸ ಸರ್ ಪತ್ರ ಮಡಚಿ ಕಿಸೆಗೆ ಹಾಕಿಕೊಂಡರು. ಚೀಟಿಯನ್ನು ಕೇಳಿದರು. ಕೈಬರಹ ಕೊಡುವ ಪದ್ಧತಿ ಇಲ್ಲ ಎಂದೆ.

ಜನವರಿ ೨೭, ಸೋಮವಾರ

ನಾಲ್ಕು ಪ್ರತಿಶತ!

ನಿಶಾ ಫೋನಿನಲ್ಲಿ ಕಿರುಚಿದ್ದಕ್ಕೆ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಹುಡುಗಿಯ ಹನ್ನೊಂದು ಪುಟವಿರುವ ಪ್ರತಿಗೆ ವಿಕಾಸ ಸರ್ ಸಹಿ ಹಾಕಿದರಂತೆ. ನನ್ನ ಪತ್ರ ಫೈಲಿನಲ್ಲಿದೆ. ಕಾಲೇಜಿನಿಂದ ಕಳೆದೊಂದು ವಾರದಲ್ಲಿ ಯಾವ ಕೆಲಸವೂ ಬಂದಿಲ್ಲ. ಇರಲಿ, ಪ್ರಿಂಟರಿಗೂ ವಿಶ್ರಾಂತಿ.

ಸಂಜೆ ಪ್ರಣಿತಾ ಒಂದು ಪ್ರತಿ ತಂದುಕೊಟ್ಟಳು. ಎರಡನೇ ಅಧ್ಯಾಯದ ಏಳನೇ ಪುಟ ತೆಗೆದು ಬೆರಳಿಟ್ಟಳು. ಹೊರೆಗಲ್ಲಿನ ಪ್ಯಾರಾಕ್ಕಿಂತ ಮೇಲೆ ಒಂದು ಸಾಲು ಹೊಸದು. 'ಅರ್ಗಾದ ದಂಡೆಯಲ್ಲಿ ರಂಪಣಿ ಬಲೆ ಎಳೆಯುವ ದಿನ ಊರಿಗೆ ಊರೇ ಒಂದು ಹಗ್ಗವಾಗುತ್ತದೆ' ಎಂಬುದಕ್ಕೆ ಎರಡೂ ಕಡೆ ಉದ್ಧರಣ ಚಿಹ್ನೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ: ತುಳಸಿದಾಸ ಮಾಸ್ತರ, ಟೈಪಿಂಗ್ ಅಭ್ಯಾಸಪಾಠ, ಕಾರವಾರ, ೧೯೮೯.

"ಇದು ಹಳದಿ ಆಗ್ಲಿಲ್ವೇನೇ?"

"ಹೆಸ್ರು ಹಾಕಿದ್ರೆ ಅದು ಮುಟ್ಟೂದಿಲ್ಲ ಅಕ್ಕೋರೇ."

ಇಷ್ಟು ವರ್ಷ ಮಾಸ್ತರರನ್ನು ನಾನೇ ಉಳಿಸಿಕೊಂಡು ಬಂದೆ ಎಂದುಕೊಂಡಿದ್ದೆ. ಹತ್ತೊಂಬತ್ತು ಪ್ರಬಂಧಗಳಲ್ಲಿ ಅವರ ಎಲ್ಲ ಶಬ್ದಗಳಿದ್ದವು. ಹೆಸರು ಎಲ್ಲಿಯೂ ಇರಲಿಲ್ಲ. ಆ ಸಣ್ಣ ಅಕ್ಷರದ ಸಾಲನ್ನು ಮೂರು ಸಲ ಓದಿದೆ. ಟೈಪ್ ಮಾಡಿದ್ದು ಅವಳೇ. ಬೆರಳು ಇನ್ನೂ ನೆಟ್ಟಗಿಲ್ಲ, ಎರಡು ಕಡೆ ಜಾಗ ಹೆಚ್ಚು ಬಿಟ್ಟಿದ್ದಾಳೆ.

ಫೆಬ್ರವರಿ ೧೦, ಸೋಮವಾರ

ಬಸ್ಸಿನಲ್ಲಿ ಕಂಡಕ್ಟರು ಕೇಳಿದರು: "ಬಾಯೀರೇ, ಇವತ್ತೂ ಎಡಗಡೆ ಕೂತ್ರಿ? ಬಿಸಿಲು ಅಂತಿದ್ರಿ?" ಸೂರ್ಯ ಬಲಗಡೆ ಇದ್ದಾನೆ ತಮ್ಮಾ ಎಂದೆ.

ಮಧ್ಯಾಹ್ನ ಸಂದೇಶ ಎಂಬವರು ಬಂದರು. ಕದ್ರಾದವರು, ಜಲವಿದ್ಯುತ್ ಕೇಂದ್ರದಲ್ಲಿ ನೌಕರಿ, ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡುವ ಹುಕಿ. ಮೂರು ಅಧ್ಯಾಯಗಳ ಹಸ್ತಪ್ರತಿ ಮೇಜಿನ ಮೇಲಿಟ್ಟರು. ಒಂದು, ಮೂರು, ನಾಲ್ಕು.

"ಎರಡನೇದು ನೀವೇ ಮಾಮೂಲು ಹಾಕ್ತ್ರಂತೆ?"

"ಮಾಮೂಲು ಮುಗ್ದದೆ."

"ಅಯ್ಯೋ, ಮತ್ತೆ ನಾನೆಂತ ಮಾಡೂದು ಬಾಯಿ? ನಂಗೆ ಬರ್ಯೂಕೆ ಬರೂದಿಲ್ಲ."

ಕುರ್ಚಿ ಎಳೆದು ಕೊಟ್ಟೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡೆ.

"ಕೂತ್ಕಳಿ. ಕದ್ರಾದಲ್ಲಿ ನಿಮ್ಮ ಮನೆ ಎದುರು ಎಂತ ಅದೆ, ಹೇಳಿ."

"ಎಂತ ಇರ್ತದೆ? ಡ್ಯಾಮು ಅದೆ."

"ಡ್ಯಾಮು ಇರ್ಲಿ. ಡ್ಯಾಮಿಗಿಂತ ಇತ್ಲಾಗೆ?"

ಅವರು ತಲೆ ಕೆರೆದುಕೊಂಡರು. ಕಿಟಕಿ ನೋಡಿದರು. ಚಾ ತರಿಸಿದೆ. ಅರ್ಧ ಲೋಟ ಖಾಲಿಯಾದ ಮೇಲೆ, "ಒಂದು ಮೆಟ್ಲು ಅದೆ" ಎಂದರು. "ಹಳೇ ಹೊಳೆ ದಂಡೆದು. ನೀರು ಇಳ್ದಾಗ ಕಾಣ್ತದೆ. ನಮ್ಮಜ್ಜ..."

ನನ್ನ ನಾಲ್ಕೂವರೆಯ ಬಸ್ಸು ತಪ್ಪಿತು.